ಬೆನ್ನು ಒಪ್ಪಿಸಿದವನು

ಅಖಾಡದ ಒಡೆಯರಿಗೆ ಕಣ್ಣಿರಲಿಲ್ಲ. ಬೇರೆ ಲೋಕದ ಆ ದಪ್ಪ ತೊಗಲಿನ ಜೀವಿಗಳು ಸುತ್ತಲಿನ ಕಲ್ಲುಮೆಟ್ಟಿಲಿಗೆ ಹೊಟ್ಟೆ ಒತ್ತಿಕೊಂಡು ಕೂತು, ನೆಲದ ನಡುಕದಲ್ಲೇ ಕಾಳಗ ಸವಿಯುತ್ತಿದ್ದವು. ಒಬ್ಬರ ಹೆಜ್ಜೆ ಮಾತ್ರ ಉಳಿದಾಗ ಹೊರಬಾಗಿಲು ತೆರೆಯುತ್ತಿತ್ತು. ನೆಲಕ್ಕೆ ಬಿದ್ದವರನ್ನು, ಜೀವ ಇರಲಿ ಬಿಡಲಿ, ಗುಂಡಿಯ ದೈತ್ಯ ಹುಳುಗಳು ಮೂಳೆ ಸಮೇತ ಮುಗಿಸುತ್ತಿದ್ದವು. ಸತ್ತ ಹಾಗೆ ನಟಿಸಿ ಉಳಿದವರು ಯಾರೂ ಇರಲಿಲ್ಲ.

ಹಮಾಲಿ ಹೆಂಗಸು ಅದನ್ನೆಲ್ಲ ಕಣ್ಣಾರೆ ಕಂಡವಳು. ಭೂಮಿಯಲ್ಲಿದ್ದಾಗ ಗೋದಾಮಿನ ಮೂಟೆ ಹೊರುತ್ತಿದ್ದಳು. ಸೆರೆ ಹಿಡಿದು ತಂದಮೇಲೆ ಅವಳ ಸೊಂಟಕ್ಕೂ ಒಬ್ಬ ಕ್ಷೌರಿಕನ ಸೊಂಟಕ್ಕೂ ಒಂದೇ ಸರಪಳಿ ಬಿಗಿದು ಮೃಗಗಳ ಮುಂದೆ ಬಿಟ್ಟಿದ್ದರು. ಇಬ್ಬರೂ ಬೆನ್ನಿಗೆ ಬೆನ್ನು ಕೊಟ್ಟೇ ಬದುಕಿದರು. ಎಲ್ಲಿ ಬಾಗಿಲು ಕಿರುಗುಟ್ಟಿದರೂ ಅವನು ಅತ್ತ ತಿರುಗಿ, ತನ್ನ ಬೆನ್ನನ್ನು ಅವಳಿಗೆ ಒಪ್ಪಿಸಿಬಿಡುತ್ತಿದ್ದ.

"ಇಷ್ಟು ಹತ್ತಿರ ನನ್ನ ಹೆಂಡತಿನೂ ನಿಂತಿರಲಿಲ್ಲ," ಎಂದಿದ್ದ ಒಮ್ಮೆ.

"ಹೆಂಡತಿ ಇದ್ದಳಾ ನಿನಗೆ?"

"ಇರಲಿಲ್ಲ. ಅದಕ್ಕೇ ನಿಂತಿರಲಿಲ್ಲ."

ಅವಳು ನಕ್ಕಿದ್ದು ಅವತ್ತು. ಮನಸ್ಸು ಸೋತಿದ್ದೂ ಅವತ್ತೇ.

ಈಗ ಸರಪಳಿ ಕತ್ತರಿಸಿ ಇಬ್ಬರನ್ನೂ ಎದುರುಬದುರು ನಿಲ್ಲಿಸಿದ್ದರು.

"ಬೇಗ ಮುಗಿಸಿಬಿಡೇ," ಎಂದ ಅವನು, ಕತ್ತಿ ಕೆಳಗಿಳಿಸುತ್ತಾ. "ನನಗೆ ಗಡ್ಡ ಕೆರೆಯೋದು ಬಿಟ್ಟು ಬೇರೇನು ಬರುತ್ತೆ?"

"ಬಾಯಿ ಮುಚ್ಚಿ ಹೊಡಿಯೋ! ಸುಮ್ಮನೆ ನಿಂತರೆ ಆ ಕುರುಡು ಜೀವಿಗಳು ಇಬ್ಬರನ್ನೂ ಸುಡ್ತಾವೆ."

ನಾಟಕದ ಏಟಿಗೆ ನೆಲ ನಡುಗುವುದಿಲ್ಲ. ಹೊಡೆದಾಡಲೇಬೇಕಾಯಿತು. ಅವಳ ಮೊಣಕೈಗೆ ಅವನ ಪಕ್ಕೆಲುಬು ಲಟಕ್ಕೆಂದಿತು. ಅವನ ಕತ್ತಿ ಅವಳ ಕೆನ್ನೆ ಸೀಳಿ ಹಲ್ಲು ಕಾಣಿಸಿತು. ಅವಳು ರಕ್ತ ಉಗುಳಿ, ಮನಸ್ಸು ಕಲ್ಲು ಮಾಡಿಕೊಂಡು ಕೊಡಲಿ ಎತ್ತಿ ಬೀಸಿದಳು.

ಅಷ್ಟರಲ್ಲಿ, ಬೀಳುವವರಿಗಾಗಿ ಕಾದಿದ್ದ ಹುಳುಗಳ ಬಾಗಿಲು ಕಿರುಗುಟ್ಟಿತು.

ಅವನು ಥಟ್ಟನೆ ಅತ್ತ ತಿರುಗಿ, ಅವಳಿಗೆ ಬೆನ್ನು ಕೊಟ್ಟು ನಿಂತುಬಿಟ್ಟ!

ಅವಳು ಮಣಿಕಟ್ಟು ಮುರಿಯುವಂತೆ ತಿರುಚಿದಳು. ಬೆನ್ನುಹುರಿ ಕಡಿಯಬೇಕಿದ್ದ ಕೊಡಲಿ ತೊಡೆಗೆ ಇಳಿದು ಮೂಳೆಗೆ ಕಚ್ಚಿಕೊಂಡಿತು. ಅವನು ಕುಸಿದ.

"ಅಯ್ಯೋ ಪೆದ್ದಾ, ಇವತ್ತು ನಿನ್ನ ಶತ್ರು ನಾನು ಕಣೋ!"

"ಮರೆತೇ ಹೋಯ್ತು ಕಣೇ," ಎಂದ, ಹಲ್ಲು ಕಚ್ಚಿ.

ಅವಳ ಎದೆ ಒಡೆದುಹೋಯಿತು. ಕೊಡಲಿ ಕಿತ್ತು, ಮೈಮೇಲೆ ಬಂದ ಮೊದಲ ಹುಳುವಿನ ತಲೆಯನ್ನು ಎರಡು ಹೋಳು ಮಾಡಿದಳು. ಹಸಿರು ಕೀವು ಮುಖಕ್ಕೆ ಚಿಮ್ಮಿತು. ಹಿಂದೆ ಇನ್ನೂ ಹತ್ತಾರು ತೆವಳುತ್ತಿದ್ದವು. ಅವನನ್ನು ಹುಳುಗಳಿಗೆ ಬಿಟ್ಟು ಹೋಗುವುದು ಅವಳಿಂದಾಗದ ಮಾತು. ಬಗ್ಗಿ, ಅವನನ್ನು ಬೆನ್ನಿಗೆ ಏರಿಸಿಕೊಂಡಳು.

"ಉಸಿರೆತ್ತಬೇಡ. ಮೂಟೆ ಮಾತಾಡಲ್ಲ."

ಅಲ್ಲಾಡುವ ಹಲಗೆಯ ಮೇಲೆ ಮೂಟೆ ಹೊತ್ತವರಿಗೆ ಗೊತ್ತು, ಭಾರವನ್ನು ಮಂಡಿಯಲ್ಲೇ ನುಂಗಿ ಪಾದ ಹಗುರ ಇಡುವುದು. ಹಾಗೇ ನಡೆದಳು. ಒಡೆಯರ ಹೊಟ್ಟೆಗೆ ತಾಗಿದ್ದು ಒಬ್ಬಳದೇ ಹೆಜ್ಜೆ. ಕೊಂದವಳೇ ತಾನು ಕೊಂದವನನ್ನು ಹೊತ್ತು ಬರಬಹುದೆಂದು ಅವು ಎಂದೂ ಊಹಿಸಿರಲಿಲ್ಲ. ಹೊರಬಾಗಿಲು ತೆರೆಯಿತು.

ಹೊಸ್ತಿಲಲ್ಲಿ ಒಡೆಯರದೇ ಜಾತಿಯ ಕುರುಡು ಕಾವಲಿನವನು ತಡೆದ. ಬೆನ್ನ ಮೇಲಿದ್ದವನ ತೊಡೆಯ ರಕ್ತ ಟಪ್ ಟಪ್ ಎಂದು ನೆಲಕ್ಕೆ ಬೀಳುತ್ತಿತ್ತು. ಕಾವಲಿನವನು ಅನುಮಾನದಿಂದ, ಆ ಹನಿಗಳ ನಡುಕ ಹಿಡಿಯಲು ನೆಲಕ್ಕೆ ಅಂಗೈ ಊರಿ ಬಗ್ಗಿದ. ಅವಳು ಒಂದೇ ಕೈಯಲ್ಲಿ ಕೊಡಲಿ ಬೀಸಿ ಅವನ ಕುತ್ತಿಗೆ ಕಡಿದಳು. ಸಾಲದೆ, ಮತ್ತೊಮ್ಮೆ ಕಡಿದಳು.

ಒಳಗಿನ ಓಣಿಯಲ್ಲಿ ಕೂಗು ಎದ್ದಿತು.

"ಇಳಿಸು, ನೀನಾದರೂ ಓಡು," ಎಂದ ಅವನು ಕಿವಿಯಲ್ಲಿ.

"ಸುಮ್ಮನಿರೋ. ಹಿಂದಿನಿಂದ ಯಾರಾದರೂ ಬಂದರೆ ಹೇಳು, ಸಾಕು."

ಅವನು ಕಷ್ಟಪಟ್ಟು ಕತ್ತು ಹೊರಳಿಸಿ ಹಿಂದೆ ನೋಡತೊಡಗಿದ. ಅವಳು ಓಡಿದಳು.