ಮನೆಗೆ ಬೇರೆ ಮೆಂತ್ಯ

ಸೋಮಪ್ಪನ ಹೊಲದಲ್ಲಿ ಮೆಂತ್ಯ ಎರಡು ಕಡೆ ಬೆಳೆಯುತ್ತಿತ್ತು. ಬಾವಿಯ ಪಕ್ಕದ ಸಣ್ಣ ಮಡಿಯದು ಮನೆಗೆ. ಪಟ್ಟಣದ ಒಳಚರಂಡಿ ಹಾದುಹೋಗುವ ಕಡೆಯ ಹತ್ತು ಗುಂಟೆಯದು ಬೈಲಹೊಂಗಲದ ಪೇಟೆಗೆ. ಆರು ವರ್ಷಗಳಲ್ಲಿ ಅವನ ಹೆಂಡತಿ ಸಿದ್ದಲಿಂಗವ್ವ ಆ ಹತ್ತು ಗುಂಟೆಯ ಒಂದು ಎಲೆಯನ್ನೂ ಒಲೆಯ ಹತ್ತಿರ ತಂದವಳಲ್ಲ. ತರಬೇಡವೆಂದು ಯಾರೂ ಹೇಳಿರಲಿಲ್ಲ. ಏಕೆ ತರುವುದಿಲ್ಲವೆಂದು ಯಾರೂ ಕೇಳಿಯೂ ಇರಲಿಲ್ಲ.

ಪೇಟೆಯ ಮೆಂತ್ಯಕ್ಕೆ ಗಟಾರದ ನೀರು. ಸೋಮಪ್ಪ ದಿನಾ ಬೆಳಿಗ್ಗೆ ಆರಕ್ಕೆ ಒಳಚರಂಡಿಯ ಚೇಂಬರಿನ ಮುಚ್ಚಳ ಎತ್ತಿ, ಮುಂದೆ ಹೋಗುವ ಪೈಪಿನ ಬಾಯಿಗೆ ಮಣ್ಣು ತುಂಬಿದ ಚೀಲ ತುರುಕಿ, ನಿಂತ ಕಪ್ಪು ನೀರಿಗೆ ಪಂಪು ಇಳಿಸುತ್ತಿದ್ದ. ಹತ್ತಕ್ಕೆ ಚೀಲ ತೆಗೆಯುತ್ತಿದ್ದ. ಆ ನೀರು ಇದ್ದರೆ ಗೊಬ್ಬರದ ಖರ್ಚಿಲ್ಲ. ಸೊಪ್ಪು ದಟ್ಟವಾಗಿ, ಕಡುಹಸಿರಾಗಿ ಬರುತ್ತಿತ್ತು.

ಆ ಬುಧವಾರ ಸಿದ್ದಲಿಂಗವ್ವ ಹತ್ತರ ಬಸ್ಸಿಗೆ ಬೈಲಹೊಂಗಲಕ್ಕೆ ಹೊರಟಿದ್ದಳು. ಅಲ್ಲಿಗೆ ಕೊಟ್ಟ ಮಗಳು ರೇಣು ಐದು ತಿಂಗಳ ಬಸುರಿ. ಟೈಫಾಯ್ಡ್ ಬಂದು ಎಂಟು ದಿನ ಆಸ್ಪತ್ರೆಯಲ್ಲಿದ್ದು, ಹಿಂದಿನ ದಿನವಷ್ಟೇ ಮನೆಗೆ ಬಂದಿದ್ದಳು. ಸಿದ್ದಲಿಂಗವ್ವ ರೊಟ್ಟಿ ಕಟ್ಟುತ್ತಿರುವಾಗ ಹೊಲದಲ್ಲಿ ಮಾತು ಕೇಳಿ ಹೊರಗೆ ಬಂದಳು.

ಚೇಂಬರಿನ ಪಕ್ಕ ಮೆಹೆರಾಜ ನಿಂತಿದ್ದಳು. ಸೊಪ್ಪು ಒಯ್ಯುವ ಟೆಂಪೊದ ದಾವಲಸಾಬನ ಮಗಳು. ಬಿಎಸ್ಸಿ ಓದಿ, ಪಟ್ಟಣದ ಕೊಳಚೆ ನೀರು ಶುದ್ಧೀಕರಣ ಘಟಕದಲ್ಲಿ ಕೆಲಸಕ್ಕಿದ್ದಳು.

"ಕಾಕಾ, ಈ ಪಂಪು ನಿಮ್ದೇನ್ರಿ?"

"ಮತ್ತ ನಿಮ್ಮಪ್ಪಂದೇನು?" ಎಂದ ಸೋಮಪ್ಪ.

"ನಮ್ಮಪ್ಪಂದು ಟೆಂಪೊ ಅಷ್ಟ ಐತ್ರಿ." ಮೆಹೆರಾಜ ನಕ್ಕಳು. "ದಿನಾ ಆರಕ್ಕ ನಮ್ಮ ಘಟಕಕ್ಕ ನೀರು ಬರೂದು ಕಡಿಮಿ ಆಗತೈತಿ. ಹತ್ತರ ಮ್ಯಾಲ ಒಮ್ಮಿಗೇ ನುಗ್ಗತೈತಿ. ಎಲ್ಲಿ ನಿಲ್ಲತೈತಿ ಅಂತ ಒಂದೊಂದ ಚೇಂಬರ್ ನೋಡ್ಕೋತ ಬಂದೆ."

"ಊರ ಹೊಲಸು ನಾ ತಗೊಂಡ್ರ ನಿಮಗ ಲುಕ್ಸಾನ ಏನು? ನಿಮ್ಮ ಕೆಲಸ ಕಡಿಮಿ ಮಾಡೇನಿ. ನೀವ ನನಗ ಪಗಾರ ಕೊಡಬೇಕು."

"ನಮ್ಮ ತೊಟ್ಟಿಯೊಳಗ ಕಣ್ಣಿಗೆ ಕಾಣದ ಹುಳಾ ಅದಾವ್ರಿ. ಹೊಲಸು ತಿಂದು ನೀರು ಸ್ವಚ್ಛ ಮಾಡೂವು ಅವ. ನಾಕ ತಾಸು ಉಪಾಸ ಕೆಡವಿ, ಆಮ್ಯಾಲ ಒಮ್ಮಿಗೇ ಬಾಯಾಗ ತುರುಕಿದ್ರ ಹೆಂಗ ತಿಂತಾವು? ತಿನ್ನಲಾರದ್ದು ಹಂಗ ಹಳ್ಳಕ್ಕ ಹೋಗತೈತಿ."

"ಹೋಗ್ಲಿ ಬಿಡು. ಹಳ್ಳ ಇರೂದ ಅದಕ್ಕ."

"ಅದಕ್ಕಲ್ಲರಿ. ಹಳ್ಳಕ್ಕ, ಹೊಳಿಗೆ ಹೊಲಸು ಬಿಡಬಾರದಂತ ಎಪ್ಪತ್ನಾಲ್ಕನೇ ಇಸ್ವಿಯಾಗ ಕಾಯ್ದೆ ಆಗೇತಿ. ಊರಿನ ನೀರು ಬಿಡಬೇಕಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಅನುಮತಿ ಬೇಕು. ಯಾವ ಹೊಲಸು ಎಷ್ಟರ ಒಳಗ ಇರಬೇಕು ಅಂತ ಆ ಪತ್ರದಾಗ ಬರದಿರತಾರ. ನಾವು ಬಿಡೂ ನೀರು ಬಾಟ್ಲಿ ತುಂಬಿ ಲ್ಯಾಬಿಗೆ ಕಳಸತೇವಿ. ಹೋದ ತಿಂಗಳ ನಮ್ಮ ಬಾಟ್ಲಿ ಫೇಲ್ ಆತು."

"ಎಪ್ಪತ್ನಾಲ್ಕರಿಂದ ಐತಿ ಅಂತಿ. ಮೊನ್ನಿ ಮೊನ್ನಿತನಾ ಊರ ಗಟಾರ ಎಲ್ಲಾ ಹಳ್ಳಕ್ಕ ಹರೀತಿತ್ತಲ್ಲ, ಅವಾಗ ಎಲ್ಲಿ ಮಲಗಿತ್ತು ನಿನ್ನ ಕಾಯ್ದೆ?"

"ಕಾಯ್ದೆ ಎದ್ದ ಇತ್ತರಿ. ಅದನ್ನ ಪಾಲಸೂವ್ರು ಮಲಗಿದ್ರು. ಈಗರೆ ಎದ್ದಾರಂದ್ರ ನೀವು ಚೀಲ ತುರಕತೀರಿ."

ಸೋಮಪ್ಪ ಸೋಲುವ ಆಳಲ್ಲ. "ಹಳ್ಳ ಹೋಗಿ ಮಲಪ್ರಭಾ ಕೂಡತೈತಿ. ಮುಂದ ನವಿಲುತೀರ್ಥದ ಡ್ಯಾಮು. ಅಷ್ಟ ನೀರಿನಾಗ ನಂದೊಂದ ಚೀಲ ಯಾವ ಲೆಕ್ಕ?"

"ಆ ನೀರು ಎಷ್ಟ ಊರಿನವ್ರು ಕುಡೀತಾರ ಕಾಕಾ. ಹೊಳಿ ದಂಡಿ ಎಲ್ಲಾ ಊರಿನವ್ರೂ ಹಿಂಗ ಅಂದ್ರ?"

"ಅವರನ್ನ ಹೋಗಿ ಕೇಳು," ಎಂದು ಸೋಮಪ್ಪ ಪಂಪಿನ ಕಡೆ ತಿರುಗಿದ.

ಮಾತು ಅಲ್ಲಿಗೇ ಮುಗಿಯುತ್ತಿತ್ತೇನೋ. ಮನೆಗೆ ಬಂದ ಹುಡುಗಿಯನ್ನು ಬರಿಗೈಯಲ್ಲಿ ಕಳಿಸಬಾರದೆಂದು ಸಿದ್ದಲಿಂಗವ್ವ ಚಹಾ ಕೊಟ್ಟಳು. ಆಮೇಲೆ ಹತ್ತು ಗುಂಟೆ ಮೆಂತ್ಯದ ಬದುವಿನ ಮೇಲೇ ನಡೆದು ಬಾವಿಯವರೆಗೆ ಹೋಗಿ, ಸಣ್ಣ ಮಡಿಯಿಂದ ಒಂದು ಕಟ್ಟು ಕಿತ್ತು ತಂದಳು.

ಮೆಹೆರಾಜ ಕಟ್ಟು ಕೈಗೆ ತೆಗೆದುಕೊಂಡಳು. "ಕಾಕಿ, ಇಲ್ಲೇ ಕಾಲಾಗ ಇಷ್ಟ ಮೆಂತ್ಯ ಐತಿ. ಬಾವಿತನಾ ಯಾಕ ಹೋದ್ರಿ?"

"ಇದು ಪ್ಯಾಟಿಗೆ ಹೋಗೂದವಾ," ಎಂದಳು ಸಿದ್ದಲಿಂಗವ್ವ. ಅಂದ ಮೇಲೆ ಆ ಮಾತು ಅವಳಿಗೇ ಕೇಳಿಸಿತು.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ್ದು ನೆನಪಾಯಿತು. ನೀರು ಕಾಯಿಸಿ ಕುಡಿಯುತ್ತೀರಾ? ಹಸಿಯಾಗಿ ಏನು ತಿನ್ನುತ್ತೀರಿ? "ರೊಟ್ಟಿ ಕೂಡ ಹಸಿ ಮೆಂತ್ಯರಿ, ಎಲ್ಲಾರೂ ತಿಂತಾರಲ್ಲ," ಎಂದಿದ್ದಳು ರೇಣು. ಮಂಚದ ಪಕ್ಕ ನಿಂತಿದ್ದ ಸಿದ್ದಲಿಂಗವ್ವ ಹೌದೆಂದು ತಲೆಯಾಡಿಸಿದ್ದಳು.

"ರೇಣುಗ ಟೈಫಾಯ್ಡ್ ಬಂತಲ್ಲ, ಆಕಿ ಪಲ್ಲೆ ಎಲ್ಲಿ ತಗೋತಾಳ್ರಿ?" ಎಂದು ಗಂಡನನ್ನು ಕೇಳಿದಳು.

"ಎಲ್ಲಿ ತಗೋತಾಳ? ಬೈಲಹೊಂಗಲದ ಪ್ಯಾಟ್ಯಾಗ..." ಸೋಮಪ್ಪ ಅರ್ಧಕ್ಕೆ ನಿಲ್ಲಿಸಿದ.

ರೇಣುವಿನ ಜ್ವರ ಈ ಮೆಂತ್ಯದಿಂದಲೇ ಬಂತೆಂದು ಯಾರೂ ಹೇಳಿರಲಿಲ್ಲ. ಅಲ್ಲವೆಂದೂ ಯಾರೂ ಹೇಳಲಾರರು. ಗಟಾರದ ನೀರಿನಲ್ಲಿ ಆ ಜ್ವರದ ಕ್ರಿಮಿ ಇರಬಹುದು, ಹಸಿ ಎಲೆಯ ಜೊತೆ ಅದು ಹೊಟ್ಟೆಗೆ ಹೋಗುತ್ತದೆ. ಮೆಹೆರಾಜ ಇಷ್ಟೇ ಹೇಳಿದಳು, ಹೆಚ್ಚು ಸೇರಿಸಲಿಲ್ಲ.

"ಆ ಚೀಲ ತಗದ ಬರ್ರಿ," ಎಂದಳು ಸಿದ್ದಲಿಂಗವ್ವ. "ತಗದ ಮ್ಯಾಲ ನಾ ಬಸ್ ಹತ್ತತೇನಿ."

"ಇನ್ನೂ ಒಂಬತ್ತ ಆಗಿಲ್ಲ..."

"ನಾಳಿಂದ ಅದನ್ನ ಮತ್ತ ಹಾಕೂದಿಲ್ಲ. ಆ ಮೆಂತ್ಯಾನೂ ಪ್ಯಾಟಿಗೆ ಹೋಗೂದಿಲ್ಲ. ನನ್ನ ಮಗಳಿಗೆ ಬ್ಯಾಡಾದ್ದು ಮತ್ತೊಬ್ಬರ ಮಗಳಿಗೆ ಯಾಕ?"

ಸೋಮಪ್ಪ ಹೆಂಡತಿಯ ಮುಖ ನೋಡಿದ. ಹೋಗಿ ಚೀಲ ಎಳೆದು ಹಾಕಿದ. ಮುಚ್ಚಳ ಮುಚ್ಚಿದ. ಕೈ ತೊಳೆಯುತ್ತ, "ಮತ್ತ ಹತ್ತ ಗುಂಟೆಗೆ ಏನ ಮಾಡ್ಲಿ ತಂಗಿ? ಬಾವಿ ನೀರು ಅಷ್ಟಕ್ಕ ಸಾಲೂದಿಲ್ಲ," ಎಂದ. ಆ ಬೆಳಿಗ್ಗೆ ಅವನು ಜಗಳಕ್ಕಲ್ಲದೆ ಕೇಳಿದ ಮೊದಲ ಪ್ರಶ್ನೆ ಅದು.

"ಶುದ್ಧ ಮಾಡಿದ ನೀರು ಕೊಡ್ರಿ ಅಂತ ಪುರಸಭೆಗೆ ಅರ್ಜಿ ಹಾಕ್ರಿ. ಮೇವಿಗೆ, ಗೋವಿನಜೋಳಕ್ಕ ನಡೀತೈತಿ. ಹಸಿ ತಿನ್ನೂ ಪಲ್ಲೆಗೆ ಮಾತ್ರ ಆ ನೀರೂ ಬ್ಯಾಡ್ರಿ."

"ಶುದ್ಧ ಮಾಡಿದ್ರಾಗ ಸತ್ವ ಎಲ್ಲಿರತೈತಿ?"

"ಬೆಳಿಗೆ ಬೇಕಾದ್ದು ಒಂದಿಷ್ಟು ಉಳದಿರತೈತಿ. ಬಂದ ನೋಡ್ರಿ."

ಈಗ ಆ ಹತ್ತು ಗುಂಟೆಯಲ್ಲಿ ಘಟಕದ ಶುದ್ಧ ನೀರಿಗೆ ಬೆಳೆದ ಗೋವಿನಜೋಳವಿದೆ. ಮೆಂತ್ಯದಷ್ಟು ದುಡ್ಡು ಅದರಲ್ಲಿಲ್ಲ, ಸೋಮಪ್ಪ ಅದನ್ನು ಹೇಳುತ್ತಲೇ ಇರುತ್ತಾನೆ. ಆದರೆ ತಿಂಗಳಿಗೊಮ್ಮೆ ಘಟಕದ ಬಾಗಿಲಿಗೆ ಹೋಗಿ, "ನಾ ಅಂತೂ ಚೀಲ ತಗದೇನಿ. ನಿಮ್ಮ ಬಾಟ್ಲಿ ಏನಾತು? ಕಾಗದ ತೋರ್ಸು," ಎಂದು ಮೆಹೆರಾಜಳನ್ನು ಕೇಳುತ್ತಾನೆ. ಬಾವಿಯ ಪಕ್ಕದ ಮಡಿ ಸ್ವಲ್ಪ ದೊಡ್ಡದಾಗಿದೆ, ಪೇಟೆಗೂ ಈಗ ಅಲ್ಲಿಯದೇ ಮೆಂತ್ಯ. ಸಿದ್ದಲಿಂಗವ್ವ ಪೇಟೆಗೆ ಕಟ್ಟಿದ ಕಟ್ಟುಗಳಲ್ಲೇ ಒಂದನ್ನು ತೆಗೆದು ಅಡುಗೆಮನೆಗೆ ಒಯ್ಯುತ್ತಾಳೆ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕ, ಅಣ್ಣಂದಿರೇ, ಒಳಚರಂಡಿಯ ಮುಚ್ಚಳ ಎತ್ತಬೇಡಿ, ಎತ್ತಿದ್ದು ಕಂಡರೆ ಪುರಸಭೆಗೆ ತಿಳಿಸಿ. ಅಷ್ಟಕ್ಕೇ ಸುಮ್ಮನಾಗಬೇಡಿ. ನಿಮ್ಮ ಊರಿನ ಕೊಳಚೆ ನೀರು ಶುದ್ಧವಾಗಿ ಹೊರಗೆ ಹೋಗುತ್ತಿದೆಯೇ, ಕಳೆದ ತಿಂಗಳ ಪರೀಕ್ಷೆಯ ವರದಿ ಏನು ಹೇಳುತ್ತದೆ ಎಂದು ಕೇಳಿ. ಬಾಯಿಮಾತಿಗೆ ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಕೇಳುವವರಿಲ್ಲದ ಊರಿನಲ್ಲಿ ಕಾಯ್ದೆ ಕಾಗದದಲ್ಲೇ ಇರುತ್ತದೆ. ನಿಮ್ಮ ಮನೆಗೆ ಬೇಡವಾದ ನೀರು ಇನ್ನೊಂದು ಮನೆಯ ಕೊಡಕ್ಕೆ ಹೋಗಬಾರದು. ಆ ಕಾಯ್ದೆ ಇರುವುದು ಇದಕ್ಕೇ.