ಟ್ರಾನ್ಸ್‌ಪೋರ್ಟ್ ಬೆಂಗಳೂರಿಗೆ ಹೋಗುತ್ತಿದೆ

ಎಷ್ಟು ಉಜ್ಜಿದರೂ ಹೋಗುತ್ತಿಲ್ಲ, ಯಾವ ಪುಣ್ಯಾತ್ಮ ಬಿಳಿ ಹಲಗೆಯ ಮೇಲೆ ಅಳಿಸಲಾಗದ ಪೆನ್ನಿನಲ್ಲಿ ಗೋಯಿಂಗ್ ಫಾರ್ವರ್ಡ್ ಎಂದು ಬರೆದು ಕೆಳಗೆ ಎರಡು ಗೆರೆ ಬೇರೆ ಎಳೆದು ಹೋದನೋ, ಡಸ್ಟರ್ ಸವೆಯಿತೇ ಹೊರತು ಅಕ್ಷರ ಜಪ್ಪಯ್ಯ ಎನ್ನಲಿಲ್ಲ, ಇರಲಿ ಬಿಡು, ಮುಂದೆ ಹೋಗುವವರು ಹೋಗಲಿ, ನನಗೆ ಈ ಕುರ್ಚಿಯಿಂದ ಏಳುವುದಕ್ಕೂ ಆಗುತ್ತಿಲ್ಲ — ಬೆಳಿಗ್ಗೆಯಿಂದ ಒಂಬತ್ತು ಜನ, ಒಬ್ಬೊಬ್ಬರಿಗೆ ಹತ್ತು ನಿಮಿಷ, ಒಂಬತ್ತು ಸಲ ಅದೇ ಹಾಳೆ ಓದಿದ್ದೇನೆ, ಶೈಲಜಾ, ಯು ಹ್ಯಾವ್ ಸಚ್ ಎ ಸಾಫ್ಟ್ ಟಚ್, ಎಂದು ಚಂದ್ರಮೋಹನ ಸರ್ ನಿನ್ನೆ ಹೊಗಳಿದ್ದು ಇದಕ್ಕೇ, ಕಂಪನಿಯ ದಿಲ್ಲಿ ಶಾಖೆಗೆಲ್ಲ ಯಜಮಾನರು, ತಾವು ಹೇಳಬೇಕಾದ್ದನ್ನು ಎಚ್‌ಆರ್ ಬಾಯಲ್ಲಿ ಹೇಳಿಸಿ ತಾವು ಮಾತ್ರ ಗುರಗಾಂವಿನ ಹೋಟೆಲಿನಲ್ಲಿ ಆಫ್‌ಸೈಟ್ ಅಂತೆ, ಹೊರಗೆ ಊಟಕ್ಕೆ ಹೋಗುವುದಕ್ಕೂ ಒಂದು ಹೆಸರು. ಇಲ್ಲಿ ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ, ರೈಟ್‌ಸೈಜ್ ಮಾಡುತ್ತೇವೆ, ಜನ ಎನ್ನುವಂತಿಲ್ಲ ರಿಸೋರ್ಸ್ ಎನ್ನಬೇಕು, ಪುರುಸೊತ್ತಿಲ್ಲ ಎಂದರೆ ಸೋಮಾರಿ, ಬ್ಯಾಂಡ್‌ವಿಡ್ತ್ ಇಲ್ಲ ಎಂದರೆ ಜಾಣ, ಮಾತಿಗೆ ಮುಂಚೆ ಬೇಸಿಕಲಿ, ಮುಗಿಯುವಾಗ ಅಟ್ ದಿ ಎಂಡ್ ಆಫ್ ದ ಡೇ, ಅಯ್ಯೋ ಆ ದಿನ ಒಮ್ಮೆ ಮುಗಿಯಲಿ ಮಹರಾಯ, ಮಯೂರ್ ವಿಹಾರದ ಮನೆಗೆ ಹೋಗಿ ಬಿದ್ದುಕೊಳ್ಳುತ್ತೇನೆ. ಮನೆಯಲ್ಲೇನು ಕಡಿಮೆಯೇ, ಹದಿಮೂರು ವರ್ಷದ ಮಗಳು ಪ್ರಜ್ಞಾ, ಊಟಕ್ಕೇನು ಮಾಡಲಿ ಎಂದರೆ ವಾಟೆವರ್, ಪರೀಕ್ಷೆ ಹೇಗಾಯಿತು ಎಂದರೆ ಮಮ್ಮಾ ಚಿಲ್ ಕರೋ ನಾ, ಕಪಾಳಕ್ಕೆರಡು ಬಿಡಬೇಕು ಎನಿಸುತ್ತದೆ, ಆದರೆ ಹೋದ ತಿಂಗಳು ಕುಂದಾಪುರದಿಂದ ಅಮ್ಮ ಫೋನ್ ಮಾಡಿದಾಗ ಆಮೇಲೆ ಮಾತಾಡುವ ಎನ್ನುವ ಬದಲು ವೀಕೆಂಡಿನಲ್ಲಿ ಟಚ್ ಬೇಸ್ ಮಾಡುವ ಅಮ್ಮ ಎಂದವಳು ನಾನು, ಎಂಥ ಮಾಡುವುದು ಮಗಾ ಎಂದು ಅಮ್ಮ ಪಾಪ ಎರಡು ಸಲ ಕೇಳಿದರು. ನನಗೂ ಹಿಡಿದಿದೆ ಈ ರೋಗ, ಹಿಡಿದಿರುವುದೇನು, ಸಂಬಳ ಬರುವುದೇ ಅದಕ್ಕೆ, ಈ ಹಾಳೆಯ ಒಂದೊಂದು ಸಾಲನ್ನೂ ಬರೆದವಳು ನಾನೇ ಅಲ್ಲವೇ.

ಟೇಬಲಿನ ಮೇಲೆ ಟಿಶ್ಯೂ ಪೇಪರಿನಲ್ಲಿ ಒಂದು ಲಡ್ಡು ಇದೆ, ರಿಸೆಪ್ಶನ್ನಿನ ಪಂಕಜಾ ಈಗಷ್ಟೇ ತಂದಿಟ್ಟು ಹೋದದ್ದು, ಲೀಜಿಯೇ ಮೇಡಂ, ಮಾಚಯ್ಯಾ ಸರ್ ಕೀ ಬ್ಯಾಂಗಲೋರ್ ಪೋಸ್ಟಿಂಗ್ ಹೋ ಗಯೀ, ಸಬ್‌ಕೋ ಬಾಂಟ್ ರಹೇ ಹೈಂ — ನನಗೆ ಮೊದಲು ಅರ್ಥವೇ ಆಗಲಿಲ್ಲ, ಅರ್ಥವಾದ ಮೇಲೆ ಆ ಲಡ್ಡುವನ್ನು ಮುಟ್ಟಿಲ್ಲ. ಮಾಚಯ್ಯ ಬೆಳಿಗ್ಗೆಯ ಒಂಬತ್ತನೆಯವರು, ಕೊನೆಯವರು. ಮಾಚಯ್ಯನವರನ್ನು ನಾವು ಕೆಲಸದಿಂದ ತೆಗೆದು ಒಂದು ಗಂಟೆಯಾಯಿತು, ಅವರು ಬೆಂಗಳೂರಿಗೆ ವರ್ಗವಾಯಿತೆಂದು ಲಡ್ಡು ಹಂಚುತ್ತಿದ್ದಾರೆ. ಇಪ್ಪತ್ತೆಂಟು ವರ್ಷ ಸೈನ್ಯದಲ್ಲಿದ್ದು ಸುಬೇದಾರರಾಗಿ ನಿವೃತ್ತರಾದ ಕೊಡಗಿನ ಮನುಷ್ಯ, ಆರು ವರ್ಷದಿಂದ, ರಾತ್ರಿ ತಡವಾದ ಹೆಣ್ಣುಮಕ್ಕಳನ್ನು ಮನೆ ಮುಟ್ಟಿಸುವ ನಮ್ಮ ಕ್ಯಾಬುಗಳ ಉಸ್ತುವಾರಿ, ದಿಲ್ಲಿಯ ಆ ತುದಿಯ ರೋಹಿಣಿ ಬಡಾವಣೆಯಿಂದ ನೋಯ್ಡಾದ ಈ ಆಫೀಸಿಗೆ ಈ ಜನವರಿ ಮಂಜಿನಲ್ಲೂ ಏಳಕ್ಕೆ ಸರಿಯಾಗಿ ಹಾಜರು, ಪುತ್ತರಿ ಹಬ್ಬ ಬಂದರೆ ಅವರ ಹೆಂಡತಿ ಚೋಂದಮ್ಮ ಮಾಡಿದ ಅಕ್ಕಿತರಿಯ ಕಡಂಬುಟ್ಟು ಸ್ಟೀಲ್ ಡಬ್ಬಿಯಲ್ಲಿ ನನ್ನ ಟೇಬಲ್ಲಿಗೆ, ನಮ್ಮ ಕಡೆಯವ್ರು ಅಂತ ಇಲ್ಲಿ ಇರೋದು ನೀವೊಬ್ರೇ ಮೇಡಂ, ಎನ್ನುತ್ತಾರೆ. ನಮ್ಮ ಮೀಟಿಂಗ್ ರೂಮುಗಳಿಗೆಲ್ಲ ನದಿಗಳ ಹೆಸರು, ಅದೂ ಯಾವನೋ ಕನ್ಸಲ್ಟೆಂಟ್ ಕೊಟ್ಟ ಐಡಿಯಾ, ಇವತ್ತಿನ ಕೆಲಸಕ್ಕೆ ಸಿಕ್ಕಿದ್ದು ಈ ಕಾವೇರಿ, ಬಾಗಿಲಲ್ಲಿ ನಿಂತ ಮಾಚಯ್ಯ ಆ ಹಿತ್ತಾಳೆ ಹೆಸರನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೇ ಒಳಗೆ ಬಂದರು, ಯಾವಾಗಲೂ ಹಾಗೆಯೇ ಮಾಡುತ್ತಾರೆ, ಹುಡುಗರು ನಗುತ್ತಾರೆ, ನಾನು ಇವತ್ತು ಹಾಳೆಯಲ್ಲಿ ಮುಖ ಮುಚ್ಚಿಕೊಂಡೆ. ಆರು ವರ್ಷದಲ್ಲಿ ಅವರ ಜೊತೆ ಕನ್ನಡ ಬಿಟ್ಟು ಬೇರೆ ಮಾತಾಡಿದವಳಲ್ಲ, ಇವತ್ತು ಬಾಯಿ ಬಿಟ್ಟರೆ ಬಂದದ್ದು ಮಿಸ್ಟರ್ ಮಾಚಯ್ಯ, ಬೇಕೆಂದೇ ಇಂಗ್ಲಿಷ್, ಕನ್ನಡದಲ್ಲಿ ಹೇಳಲು ಹೊರಟರೆ ನಾಲಿಗೆ ಹೊರಳುವುದಿಲ್ಲ ಎಂದು ಗೊತ್ತಿತ್ತು. ಆ್ಯಸ್ ಪಾರ್ಟ್ ಆಫ್ ಅವರ್ ಜರ್ನಿ, ದ ಟ್ರಾನ್ಸ್‌ಪೋರ್ಟ್ ಫಂಕ್ಷನ್ ಈಸ್ ಮೈಗ್ರೇಟಿಂಗ್ ಟು ಬೆಂಗಳೂರು, ವಿ ಆರ್ ಎಕ್ಸೈಟೆಡ್ ಅಬೌಟ್ ಯುವರ್ ನೆಕ್ಸ್ಟ್ ಚಾಪ್ಟರ್, ಅಂದರೆ ಬೆಂಗಳೂರಿನ ಯಾವುದೋ ಏಜೆನ್ಸಿಗೆ ಕ್ಯಾಬುಗಳನ್ನು ವಹಿಸಿದ್ದೇವೆ, ನೀವು ಮನೆಗೆ ಹೋಗಿ ಎಂದು, ಎರಡು ಸಾಲಿನ ವಿಷಯ. ಸೈನ್ಯದಲ್ಲಿ ಪಲ್ಟನ್ ಹೋದ ಕಡೆ ಜವಾನ ಹೋಗುತ್ತಾನೆ, ಇನ್ನೇನು ಅಂದುಕೊಳ್ಳಬೇಕಿತ್ತು ಆತ? ಯಾವತ್ತಿಂದ ಮೇಡಂ ಎಂದು ಕೇಳಿದರು, ಅಷ್ಟೇ, ಫೆಬ್ರವರಿ ಫಸ್ಟ್ ಎಂದೆ, ಬೆರಳಿಟ್ಟ ಜಾಗದಲ್ಲಿ ಓದದೆ ಸಹಿ ಮಾಡಿದರು, ಅಧಿಕಾರಿ ಬೆರಳಿಟ್ಟಲ್ಲಿ ಸಹಿ ಮಾಡಿ ಅಭ್ಯಾಸವಾದ ಕೈ, ನಕ್ಕರು, ಥ್ಯಾಂಕ್ಯೂ ಮೇಡಂ ಎಂದರು, ಎಷ್ಟು ಘನತೆಯ ಮನುಷ್ಯ ಎಂದುಕೊಂಡು ನಾನು ಹಾಳೆಯ ಕೊನೆಯ ಕಾಲಮ್ಮಿನಲ್ಲಿ ಪಾಸಿಟಿವ್ ರೆಸ್ಪಾನ್ಸ್ ಎಂದು ಬರೆದೆ. ಥೂ ನನ್ನ ಜನ್ಮಕ್ಕಿಷ್ಟು.

ಚಂದ್ರಮೋಹನ ಸರ್‌ಗೆ ಫೋನ್ ಮಾಡಿದೆ, ಹಿಂದೆ ಚಮಚ ತಟ್ಟೆಯ ಸದ್ದು, ಲಡ್ಡುವಿನ ವಿಷಯ ಕೇಳಿ ಜೋರಾಗಿ ನಕ್ಕರು, ಅರೇ ಯಾರ್, ದಟ್ಸ್ ಕ್ಯೂಟ್, ಬೇಸಿಕಲಿ ಹೀ ಈಸ್ ಇನ್ ಎ ಹ್ಯಾಪಿ ಸ್ಪೇಸ್, ರಹನೇ ದೋ, ಹಾಗೇ ಇರಲಿ ಬಿಡು, ಶುಕ್ರವಾರ ಏಜೆನ್ಸಿಯವರು ಬರುತ್ತಾರಲ್ಲ, ಅವರೇ ಅಲೈನ್ ಮಾಡುತ್ತಾರೆ, ಸಹಿ ಆಯಿತಲ್ಲ, ನೋ ಇಶ್ಯೂಸ್. ನೋ ಇಶ್ಯೂಸ್! ಇವತ್ತು ಮಂಗಳವಾರ, ಮೂರು ದಿನ ಸುಮ್ಮನಿದ್ದರಾಯಿತು, ಯಾರೋ ಮುಖ ಪರಿಚಯವಿಲ್ಲದವನು ಹೇಳುತ್ತಾನೆ, ನಾನು ಶುಕ್ರವಾರ ರಜೆ ಹಾಕಬಹುದು, ತಲೆನೋವು ಎನ್ನಬಹುದು, ಸುಳ್ಳೂ ಅಲ್ಲ — ಇಲ್ಲವೇ ಒಂದು ಮೇಲ್ ಕಳಿಸಬಹುದು, ಜಸ್ಟ್ ಟು ಕ್ಲಾರಿಫೈ ಎಂದು ಶುರು ಮಾಡಿ, ಶುರುವನ್ನು ಕೈ ತಾನೇ ಟೈಪ್ ಮಾಡುತ್ತದೆ, ಮಾಡಿಯೂ ಮಾಡಿತು, ಅಳಿಸಿದೆ. ಮೂರು ದಿನದಲ್ಲಿ ಅವರು ರೋಹಿಣಿಯ ಬಾಡಿಗೆ ಮನೆ ಬಿಡುತ್ತೇನೆ ಎಂದು ಮಾಲೀಕನಿಗೆ ಹೇಳಿರುತ್ತಾರೆ, ಹೇಳುವುದೇನು, ಈಗಾಗಲೇ ಹೇಳಿದ್ದರೆ? ಏಳು ಶೈಲಜಾ, ಏಳೇ ಮಾರಾಯ್ತಿ, ಲಿಫ್ಟಿನಲ್ಲಿ ನಾಲ್ಕು ಮಹಡಿ, ಕನ್ನಡಿಯಲ್ಲಿ ಒಂದು ಹೆಂಗಸು, ಕಣ್ಣ ಕೆಳಗೆ ಕಪ್ಪು, ಕೊರಳಲ್ಲಿ ಐಡಿ ಕಾರ್ಡು, ಅದರ ಮೇಲೆ ಪೀಪಲ್ ಪಾರ್ಟ್ನರ್, ನಮ್ಮ ಹೊಸ ಹುದ್ದೆಯ ಹೆಸರು ಅದು, ಜನರ ಜೊತೆಗಾತಿಯಂತೆ, ನಗು ಬಂತು.

ಬೇಸ್‌ಮೆಂಟಿನ ಕಬ್ಬಿಣದ ಟೇಬಲ್ಲಿನ ಮುಂದೆ ಮಾಚಯ್ಯ ಕೂತು ಬರೆಯುತ್ತಿದ್ದಾರೆ, ಗೋಡೆಯ ಬೀಗದ ಕೈಗಳಿಗೆಲ್ಲ ಹೊಸ ಚೀಟಿ, ನನ್ನನ್ನು ಕಂಡದ್ದೇ ಎದ್ದು ನಿಂತರು, ಬನ್ನಿ ಬನ್ನಿ ಮೇಡಂ, ಕೂತ್ಕೊಳ್ಳಿ, ಹ್ಯಾಂಡಿಂಗ್ ಓವರ್ ತಯಾರ್ ಮಾಡ್ತಾ ಇದೀನಿ, ಹೊಸಬನಿಗೆ ತೊಂದ್ರೆ ಆಗ್ಬಾರ್ದು ನೋಡಿ, ಚೋಂದಮ್ಮನಿಗೆ ಫೋನ್ ಮಾಡಿದೆ, ಅತ್ತೇಬಿಟ್ಲು ಮೇಡಂ ಖುಷಿಗೆ, ಈ ಚಳಿಗೆ ಅವಳ ಮಂಡಿ ಹಿಡ್ಕೊಂಡ್ಬಿಟ್ಟಿದೆ, ಇನ್ನು ರಜಾಯಿ ಎಲ್ಲ ಪಕ್ಕದ ಮನೆಗೆ ಕೊಟ್ಟುಬಿಡ್ತೀನಿ ಅಂದ್ಲು, ಅಚ್ಛಾ, ಬೆಂಗಳೂರಲ್ಲಿ ನಾನು ಯಾರಿಗೆ ರಿಪೋರ್ಟ್ ಮಾಡ್ಬೇಕು? — ನಾನು ನಿಂತೇ ಇದ್ದೇನೆ, ಬಾಯೊಳಗೆ ಒಂದರ ಹಿಂದೊಂದು ಸಾಲು ಬಂದು ನಿಲ್ಲುತ್ತಿದೆ, ಆ್ಯಕ್ಚುವಲಿ, ಟ್ರಾನ್ಸಿಷನ್, ಲೆಟ್ ಮಿ ಬಿ ಟ್ರಾನ್ಸ್‌ಪರೆಂಟ್, ಎಲ್ಲವನ್ನೂ ಉಗುಳಿನ ಹಾಗೆ ನುಂಗಿದೆ, ಮಾಚಯ್ಯನವರೇ, ಎಂದೆ, ಬೆಂಗಳೂರಿಗೆ ನೀವು ಹೋಗೋದಿಲ್ಲ, ಕೆಲಸ ಮಾತ್ರ ಹೋಗೋದು, ನಿಮ್ಮನ್ನ ಕೆಲಸದಿಂದ ತೆಗೆದಿದ್ದಾರೆ, ತೆಗೆದಿದ್ದೀವಿ, ಬೆಳಿಗ್ಗೆ ನಾನೇ ಅದನ್ನ ಹೇಳಿದ್ದು, ನಿಮಗೆ ತಿಳಿಯದ ಹಾಗೆ ಹೇಳಿದೆ, ನನ್ನ ತಪ್ಪು. ಇಷ್ಟೇ. ಇಷ್ಟು ಹೇಳಲು ಅರ್ಧ ನಿಮಿಷ ಸಾಕಾಯಿತು, ಬೆಳಿಗ್ಗೆ ಹತ್ತು ನಿಮಿಷ ತೆಗೆದುಕೊಂಡಿದ್ದೆ. ಪಕ್ಕದಲ್ಲಿ ಯಾರೋ ಡ್ರೈವರ್ ಗಾಡಿ ಹಿಂದಕ್ಕೆ ತೆಗೆಯುತ್ತಿದ್ದಾನೆ, ಅದರ ಪೀಂ ಪೀಂ ನಿಂತ ಮೇಲೆ, ಹೌದಾ, ಎಂದರು. ಚೋಂದಮ್ಮನಿಗೆ ಏನು ಹೇಳ್ಲಿ? ನನ್ನನ್ನು ಕೇಳಿದ್ದಲ್ಲ, ತನ್ನನ್ನೇ ಕೇಳಿಕೊಂಡದ್ದು, ಆದರೂ ನನಗೇ ಕೇಳಿಸಿದ್ದು. ಬೈಯಲಿ ಎಂದು ಕಾಯುತ್ತಿದ್ದೆ, ಬೈದಿದ್ದರೆ ಎಷ್ಟೋ ವಾಸಿ, ಅವರು ಕೂತರು, ಅರ್ಧಕ್ಕೆ ನಿಂತಿದ್ದ ಸಾಲನ್ನು ಪೂರ್ತಿ ಬರೆದರು, ಪೆನ್ನಿನ ಮುಚ್ಚಳ ಹಾಕಿದರು, ನಾಲ್ಕು ಹಾಳೆಗಳಿಗೆ ಪಿನ್ ಹೊಡೆದು ಎರಡೂ ಕೈಯಲ್ಲಿ ನನಗೆ ಕೊಟ್ಟರು. ಹೊಸದಾಗಿ ಬರೋರಿಗೆ ಇದನ್ನ ಕೊಡಿ ಮೇಡಂ, ಹೆಣ್ಣುಮಕ್ಕಳ ವಿಷಯ, ಹೆಚ್ಚುಕಮ್ಮಿ ಆಗ್ಬಾರ್ದು.

ಲಿಫ್ಟ್ ಬಂತು, ಹೋಯಿತು, ನಾನು ಹತ್ತಲಿಲ್ಲ, ಹಾಳೆ ಓದುತ್ತಿದ್ದೇನೆ, ಡ್ರೈವರುಗಳಿಗೆ ತಿಳಿಯಲೆಂದು ಹಿಂದಿಯಲ್ಲಿ, ದಪ್ಪ ದಪ್ಪ ಅಕ್ಷರ, ಎಲ್ಲೂ ಜರ್ನಿ ಇಲ್ಲ, ಚಾಪ್ಟರ್ ಇಲ್ಲ, ಮೂರನೇ ಗೇಟು ಒಂಬತ್ತಕ್ಕೆ ಮುಚ್ಚುತ್ತದೆ ಹಿಂದಿನಿಂದ ಹೋಗುವುದು, ಈಕೆ ಇಳಿದ ಮೇಲೆ ಅಣ್ಣ ಬರುವ ತನಕ ಗಾಡಿ ಬಿಡಬಾರದು, ಆ ಗಲ್ಲಿಯಲ್ಲಿ ನಾಯಿಗಳಿವೆ ಬಾಗಿಲವರೆಗೂ ಜೊತೆಗೆ ನಡೆಯುವುದು — ನಲವತ್ತೊಂದು ಹೆಸರು, ನಲವತ್ತೊಂದು ಸಾಲು, ಕೊನೆಯದು, ಇನ್ನೂ ಇಂಕು ಒಣಗದ್ದು, ನನ್ನ ಕಣ್ಣೆದುರಿಗೇ ಪೂರ್ತಿ ಮಾಡಿದ್ದು, ಶೈಲಜಾ ಮೇಡಂ, ಮಯೂರ್ ವಿಹಾರ್, ಹೋಗು ಎಂದು ಕೂಗಿದರೂ ಹೋಗಬಾರದು, ಮೂರನೇ ಮಹಡಿ, ಬತ್ತೀ ಜಲ್ನೇ ತಕ್ ರುಕ್ನಾ. ಬತ್ತಿ ಹತ್ತುವವರೆಗೆ ನಿಲ್ಲುವುದು. ಆರು ವರ್ಷ, ತಡವಾದ ಒಂದೊಂದು ದಿನವೂ, ಮಗಳು ಮಲಗಿದ ಮನೆಯ ಬೀಗ ತೆಗೆದು ನಾನು ಚಪ್ಪಲಿ ಬಿಟ್ಟು ಗೋಡೆ ತಡಕಿ ಸ್ವಿಚ್ಚು ಒತ್ತುವಾಗ ಕೆಳಗೆ ಒಂದು ಗಾಡಿ ಹೊರಡುವ ಸದ್ದು, ಇವನೇನು ಇಷ್ಟು ಹೊತ್ತು ಬೀಡಿ ಸೇದುತ್ತಿದ್ದನೇ ಎಂದು ಬೈದುಕೊಂಡಿದ್ದೇನೆ — ಯಾರೂ ಹೇಳಲಿಲ್ಲ, ಮಾಚಯ್ಯನವರೂ ಹೇಳಲಿಲ್ಲ, ಮೂರನೇ ಮಹಡಿ, ಕೆಳಗೆ ಕತ್ತೆತ್ತಿ ನೋಡುತ್ತ ಒಬ್ಬ ಡ್ರೈವರ್, ಇನ್ನೂ ಹತ್ತದ ದೀಪ, ಮೂರನೇ ಮಹಡಿ, ದೀಪ