ಕಾಫಿ ಗಿಡದ ನೀರು

"ಉಗುಳಲೇ ರಂಡೆ, ಉಗುಳು! ದೇವ್ರಿಗಂತ ಬಿಟ್ಟ ಹಣ್ಣಿಗೆ ಬಾಯಿ ಹಾಕ್ತಿಯೇನ?"

ಶಿವಶಂಕರ ಕೋಲಿನ ತುದಿಯನ್ನು ಈರಕ್ಕನ ಕೆನ್ನೆಗೆ ಒತ್ತಿ ಹಿಡಿದಿದ್ದ. ಕಾಫಿ ಹಣ್ಣಿನ ಕೆಂಪು ಸಿಪ್ಪೆ ಅವಳ ತುಟಿಯಿಂದ ಜಾರಿ ಬಿತ್ತು. ಬೆಳಗಿನಿಂದ ಅವನ ತೋಟದಲ್ಲಿ ಕೂಲಿ ಮಾಡಿ ಗಂಟಲು ಒಣಗಿತ್ತು; ಕೈ ತಡೆದಿರಲಿಲ್ಲ.

ಮಳೆಕಾಡಿನ ನೆರಳಲ್ಲಿ ಬೆಳೆಯುವ ಗಿಡವನ್ನು ಅವನು ಘಟ್ಟದಿಂದ ಲಾರಿಯಲ್ಲಿ ತಂದು ಆಂಧ್ರದ ಗಡಿಯ ಡಿ. ಹಿರೇಹಾಳಿನ ಕಾದ ನೆಲದಲ್ಲಿ ನೆಟ್ಟಿದ್ದ. ಮೇಲೆ ಹಸಿರು ಪರದೆ, ಸುತ್ತ ತುಂತುರು ಪೈಪು. ಬಂದವರಿಗೆಲ್ಲ ತೋರಿಸಿ ಮೀಸೆ ತಿರುವುತ್ತಿದ್ದ. ಆ ಗಿಡಗಳ ಮೈ ತಂಪಿರಲೆಂದು ಊರಾಚೆ ಈರಕ್ಕನವರ ಕಾಲೋನಿಯ ನಲ್ಲಿಗೆ ಬರುತ್ತಿದ್ದ ಬೋರಿನ ನೀರನ್ನು ತನ್ನ ತೊಟ್ಟಿಗೆ ತಿರುಗಿಸಿಕೊಂಡಿದ್ದ.

ಈರಕ್ಕ ಬಾಯಿ ಒರೆಸಿಕೊಂಡಳು. "ತಪ್ಪಾತ್ರಿ ಧಣಿ. ನನ್ನ ಮಗಳು ಮೀನಾಕ್ಷಿದು ಇವತ್ತು ಪುರುಡು ಕಳೀಬೇಕು. ಹಡೆದಾಗಿಂದ ತಲಿಗೆ ನೀರು ಬಿದ್ದಿಲ್ಲ. ರಕ್ತದ ಸೀರ್ಯಾಗ ಮಲಗ್ಯಾಳ, ಕೂಸಿಗೆ ನೊಣ ಮುತ್ತ್ಯಾವ. ಎಲ್ಡು ಕೊಡ ಬಿಡ್ರಿ."

"ಗಿಡ ಒಣಗಿದ್ರ ನಿಮ್ಮಪ್ಪ ಬರ್ತಾನೇನ? ಊರ ಪಂಚಾಯ್ತಿ ಸಚಿವಾಲಯಂದಾಗ ಕೇಳ್ಕೋ ಹೋಗು."

"ಕೇಳೀವ್ರಿ. ನಿಮ್ಮನ್ನ ಕೇಳು ಅಂದ್ರು."

ಶಿವಶಂಕರ ಹೊಟ್ಟೆ ಕುಣಿಸಿ ನಕ್ಕ. ಈರಕ್ಕ ತೊಟ್ಟಿಯ ಕಡೆ ಒಂದು ಹೆಜ್ಜೆ ಇಟ್ಟಳು.

"ಏ, ದೂರ! ಮುಟ್ಟಿಗಿಟ್ಟೀಯ! ಮನಿಗೂ ಇದೇ ನೀರು ಹೋಗ್ತತಿ. ನೀ ಮುಟ್ಟಿದ್ರ ಪೂರಾ ಚೆಲ್ಲಬೇಕಾಗ್ತತಿ."

ಅದು ಸುಳ್ಳಲ್ಲ. ಹಿಂದೊಮ್ಮೆ ಕಾಲೋನಿಯ ಚಿತ್ತಪ್ಪ ಮರೆತು ಅದರಲ್ಲಿ ಕೈ ಅದ್ದಿದಾಗ, ಶಿವಶಂಕರ ಅವನಿಗೆ ಬಡಿದು, ತೂಬಿನ ಬಿರಡೆ ಕಿತ್ತು ತುಂಬಿದ ತೊಟ್ಟಿಯನ್ನೇ ಬರಿದು ಮಾಡಿಸಿದ್ದ. ತೂಬಿನ ಬಾಯಿ ಇರುವುದು ಬೇಲಿಯಾಚೆ, ಕಾಲೋನಿಯ ದಾರಿಗೆ.

ಈರಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ತೊಟ್ಟಿಯ ಕಟ್ಟೆ ಹತ್ತಿದಳು. ಒಳಗಿಳಿದು ತಲೆ ಮುಳುಗಿಸಿ ಎದ್ದಳು. ಕುತ್ತಿಗೆಮಟ್ಟ ನೀರು.

"ಲೇ! ಹೊರಗ ಬಾರಲೇ, ಚರ್ಮ ಸುಲೀತೀನಿ!" ಶಿವಶಂಕರ ಕೋಲೆತ್ತಿ ಓಡಿಬಂದ. ಹೊಡೆದರೆ ಅವಳು ಮುಟ್ಟಿದ ನೀರು ತನ್ನ ಮೈಗೇ ಸಿಡಿಯುತ್ತದೆ. ಎತ್ತಿದ ಕೋಲು ಎತ್ತಿದಂತೆಯೇ ನಿಂತಿತು.

ಈರಕ್ಕ ಬೇಲಿಯ ಕಡೆ ತಿರುಗಿ ಕೂಗಿದಳು: "ಏ ಉಜ್ಜಿನಮ್ಮಾ! ಇದ್ದಬದ್ದ ಕೊಡ ಎಲ್ಲಾ ತಗೊಂಡು ತೂಬಿನ ತಾವ ಬರ್ರೇ! ಧಣಿ ನೀರು ಬಿಡ್ತಾರ!"

ಬೇಲಿಯಾಚೆ ಕೊಡಗಳ ಸದ್ದು ಹತ್ತಿರವಾಯಿತು.

"ಚೆಲ್ರಿ ಧಣಿ," ಎಂದಳು. "ಅಲ್ಲೀತನ ನಾ ಏಳಂಗಿಲ್ಲ."